ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಕಡತ ತಡೆದಿರುವ ಬಗ್ಗೆ ದೂರು

ಗೆ,
ಉಪ ಕುಲಸಚಿವರು,
ಫೆಲೋಶಿಪ್ ವಿಭಾಗ

ಮಾನ್ಯರೇ,

ಫೋನ್ ಮಾಡಿದ್ದಾಯಿತು, ಮೇಲ್ ಹಾಕಿದ್ದಾಯಿತು. "ಸಾಹೇಬ್ರು ರಜೆ", "ಸರ್ವರ್ ಡೌನ್" ಬಿಟ್ಟು ಬೇರೆ ಉತ್ತರ ಬರಲಿಲ್ಲ. ಈಗ ಬರೆದು ಕೊಡುತ್ತಿದ್ದೇನೆ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಹೋಗುವುದಿಲ್ಲ.

ನಿಯಮ ನಿಮಗೆ ಗೊತ್ತೇ ಇದೆ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಎರಡು ವರ್ಷ. ಆಮೇಲೆ ವಿಭಾಗದ ಮುಖ್ಯಸ್ಥರು, ಗೈಡ್, ಹೊರಗಿನ ಒಬ್ಬ ವಿಷಯ ತಜ್ಞರು ಕೂತು ಕೆಲಸ ನೋಡುತ್ತಾರೆ. ಅವರು ಒಪ್ಪಿದರೆ ಎಸ್‌ಆರ್‌ಎಫ್. ನನ್ನ ವರದಿಗೆ ಮೂವರ ಸಹಿಯೂ ಬಿದ್ದು, ಅದು ನಿಮ್ಮಲ್ಲಿಗೆ ಬಂದು ತಿಂಗಳುಗಳೇ ಕಳೆದವು. ತಿಂಗಳಿಗೆ 37,000 ರೂಪಾಯಿ ಇದ್ದದ್ದು 42,000 ಆಗಬೇಕಿತ್ತು. ಲ್ಯಾಬ್ ಸಾಮಾನಿನಂಥ ಖರ್ಚಿಗೆ ಕೊಡುವ ವರ್ಷದ ಕಂಟಿಂಜೆನ್ಸಿ 12,000 ದಿಂದ 25,000ಕ್ಕೆ ಏರಬೇಕಿತ್ತು. ಎರಡೂ ಆಗಿಲ್ಲ. ಸಿಲಿಕಾ ಜೆಲ್, ಸಾಲ್ವೆಂಟ್ ಎಲ್ಲ ಕೈಯಿಂದಲೇ ತರುತ್ತಿದ್ದೇನೆ. ಸಾಲದ್ದಕ್ಕೆ ನಾನು ಸಂಶೋಧನೆ ಮುಂದುವರಿಸುತ್ತಿದ್ದೇನೆ ಎಂಬ ತಿಂಗಳ ದೃಢೀಕರಣವನ್ನೂ ಈ ಸಲ ನೀವು ಫೆಲೋಶಿಪ್ ಪೋರ್ಟಲ್‌ನಲ್ಲಿ ಹಾಕಲಿಲ್ಲ. ಬರುತ್ತಿದ್ದ 37,000 ಕೂಡ ನಿಂತಿತು.

ಕೇಳೋಣ ಅಂತ ಕಳೆದ ವಾರ ಕೌಂಟರ್‌ಗೆ ಬಂದೆ. ನಿಮ್ಮ ಸಿಬ್ಬಂದಿ ಕಡತ ಬಿಡಿಸಿ, ಅದರ ಮೇಲೇ ಟೀ ಲೋಟ ಇಟ್ಟರು. ತಜ್ಞರ ಸಹಿಯ ಮೇಲೆ ಲೋಟದ ಗುಂಡನೆ ಕಲೆ ಬಿತ್ತು.

"ಇನ್‌ಕಮ್ ಸರ್ಟಿಫಿಕೇಟ್ ಎಲ್ಲಿ?"

ಇದು ನೆಟ್ ಪರೀಕ್ಷೆಯ ಮೆರಿಟ್ ಮೇಲೆ ಸಿಕ್ಕಿದ್ದು, ಆದಾಯ ಮಿತಿ ಇಲ್ಲ ಸರ್, ಎಂದೆ.

"ನಂಗೇ ರೂಲ್ಸ್ ಹೇಳ್ತೀಯಾ? ಮದುವೆ ಆಗಿದ್ಯಾ?"

ಆಗಿದೆ.

"ಯಜಮಾನ್ರು ಏನ್ ಮಾಡ್ತಾರೆ?"

ಬ್ಯಾಂಕ್‌ನಲ್ಲಿದ್ದಾರೆ.

"ಹಂಗಾದ್ರೆ ದುಡ್ಡಿಗೇನು ಕಮ್ಮಿನಮ್ಮಾ? ಬಡ ಮಕ್ಕಳಿಗೆ ಸಿಗ್ಲಿ ಬಿಡು. ಬೇಕೇ ಬೇಕು ಅಂದ್ರೆ ತಹಶೀಲ್ದಾರ್ ಹತ್ರ ಮಾಡಿಸ್ಕೊಂಡು ಬಾ."

ಪಕ್ಕದ ಮೇಜಿನವರ ಕಡೆ ತಿರುಗಿ ನಕ್ಕರು. ಅವರೂ ನಕ್ಕರು. ನನ್ನ ಹಿಂದೆ ಸಾಲಿನಲ್ಲಿದ್ದವರು ಎಂ.ಎಸ್ಸಿ. ಹುಡುಗರು. ಅವರಿಗೆ ಪ್ರಾಕ್ಟಿಕಲ್ ಹೇಳಿಕೊಡುವವಳು ನಾನೇ. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು.

ನನ್ನ ಹಣ ತಡೆದರೆ ಅದು ಯಾವ ಬಡ ಮಕ್ಕಳಿಗೂ ಹೋಗುವುದಿಲ್ಲ. ಆದಾಯ ನೋಡಿ ಕೊಡುವ ವಿದ್ಯಾರ್ಥಿವೇತನಗಳು ಬೇರೆ ಇವೆ, ಅವು ಇರಲೇಬೇಕು. ಅವುಗಳ ದಾಖಲೆ ಪಟ್ಟಿಯನ್ನು ನನ್ನ ಕಡತಕ್ಕೆ ಯಾಕೆ ಅಂಟಿಸಿದಿರಿ? ಪರೀಕ್ಷೆ ಬರೆದವಳು ನಾನು, ಸಮಿತಿ ಮುಂದೆ ನಿಂತವಳು ನಾನು. ಇದರಲ್ಲಿ ಗಂಡನ ಸಂಬಳ ಎಲ್ಲಿಂದ ಬಂತು? ನನ್ನ ಜೊತೆಗೇ ಕಡತ ಕೊಟ್ಟ ಸಹಪಾಠಿಗೂ ಮದುವೆಯಾಗಿದೆ. ಹೆಂಡತಿ ಏನು ಮಾಡುತ್ತಾಳೆ ಅಂತ ಅವನನ್ನು ಯಾರೂ ಕೇಳಲಿಲ್ಲ. ಅವನಿಗೆ ಹೊಸ ದರದಲ್ಲಿ ಹಣ ಬರುತ್ತಿದೆ.

ಈ ತಿಂಗಳ ಕೊನೆಯೊಳಗೆ ದೃಢೀಕರಣ ಹಾಕಿ, ಎಸ್‌ಆರ್‌ಎಫ್ ಆದೇಶ ಹೊರಡಿಸಿ, ಅರಿಯರ್ಸ್ ಕೊಡಿಸಿ. ಆಡಿದ ಮಾತಿಗೆ ಲಿಖಿತ ಕ್ಷಮೆ ಬೇಕು. ಇಲ್ಲವಾದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲೂ ಮಹಿಳಾ ಆಯೋಗದಲ್ಲೂ ದೂರು ಕೊಡುತ್ತೇನೆ. ಕಡತ ಯಾವ ದಿನ ಯಾರ ಮೇಜಿನ ಮೇಲಿತ್ತು, ಆದಾಯ ಪ್ರಮಾಣಪತ್ರ ಕೇಳಲು ಹೇಳಿದ ಆದೇಶ ಯಾವುದು, ಅದರ ಪ್ರತಿ ಕೊಡಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುತ್ತೇನೆ. 30 ದಿನದೊಳಗೆ ಹೆಸರು, ಹುದ್ದೆ ಸಮೇತ ಉತ್ತರ ಕೊಡಬೇಕಾಗುತ್ತದೆ. ಅರ್ಜಿ ಬರೆದಿಟ್ಟಿದ್ದೇನೆ, ದಿನಾಂಕ ಹಾಕುವುದೊಂದೇ ಬಾಕಿ.

ಇಂತಿ,
ಸಂಶೋಧನಾ ವಿದ್ಯಾರ್ಥಿನಿ,
ರಸಾಯನಶಾಸ್ತ್ರ ವಿಭಾಗ