ಕೀಶ್ ಮಾಡುವವರಿಗೆ ನೀರಿನ ಲೆಕ್ಕವನ್ನೂ ಹೇಳಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಪ್ರಕಟವಾದ ಚಿಕನ್ ಕೀಶ್ (ಟಿನ್ನಿಗೆ ಹಾಸಿದ ಮೈದಾ ಕಣಕದೊಳಗೆ ಹಾಲು-ಮೊಟ್ಟೆಯ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿನಿಸು) ಪಾಕವಿಧಾನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಫ್ರಾನ್ಸಿನ ಈಶಾನ್ಯ ಮೂಲೆಯ ಲೊರೇನ್ ಪ್ರಾಂತ್ಯದ ಹೆಸರಿನೊಂದಿಗೆ ಬೆಸೆದುಕೊಂಡ ತಿನಿಸೊಂದು ಶಿವಮೊಗ್ಗ, ತೀರ್ಥಹಳ್ಳಿಗಳ ಅಡುಗೆಮನೆಗೆ ಬರುವುದರಲ್ಲಿ ನನ್ನ ತಕರಾರೇನೂ ಇಲ್ಲ. ಮೈದಾ, ಬೆಣ್ಣೆ, ಮೊಟ್ಟೆ, ಹಾಲು, ಕೋಳಿ ಇವುಗಳಲ್ಲಿ ಯಾವುದೂ ನಮಗೆ ಹೊಸದಲ್ಲ. ನನ್ನ ಆಕ್ಷೇಪ ಅದನ್ನು ಬರೆದ ಕ್ರಮದ ಬಗ್ಗೆ. ಬೆಣ್ಣೆ ಎಷ್ಟು, ನೀರು ಎಷ್ಟು, ಓವನ್ನಿನ ಕಾವು ಎಷ್ಟು ಎಂಬುದನ್ನು ತಿಳಿಸದೆ, ಹೊಂಬಣ್ಣ ಬರುವವರೆಗೆ ಬೇಯಿಸಿ ಎಂದು ಮುಗಿಸಿಬಿಟ್ಟರೆ, ಜುಲೈ ತಿಂಗಳಿನಲ್ಲಿ ಹೊಸನಗರದ ಕಡೆ ಅದನ್ನು ನಂಬಿ ಮಾಡಿದವರಿಗೆ ಸಿಗುವುದು ತಳ ಹಸಿಯಾಗಿ ಉಳಿದ, ಮೇಲೆ ನೀರೊಡೆದ ಮೊಟ್ಟೆಯ ಮುದ್ದೆ. ಕೀಶ್ ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಬೇಡದ ಕಡೆ ನೀರು ಉಳಿಯುವುದಕ್ಕೆ. ಆ ಪಾಕವಿಧಾನದಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ.

ಮೊದಲಿಗೆ ಕಣಕದ ವಿಷಯ. 23 ಸೆಂಟಿಮೀಟರ್ ಅಗಲದ ಟಿನ್ನಿಗೆ 200 ಗ್ರಾಂ ಮೈದಾ, ಅದರ ಅರ್ಧದಷ್ಟು, ಅಂದರೆ 100 ಗ್ರಾಂ, ತಣ್ಣನೆಯ ಬೆಣ್ಣೆ, ಅರ್ಧ ಚಮಚ ಉಪ್ಪು ಸಾಕು. ಪ್ಯಾಕೆಟ್ಟಿನ ಬೆಣ್ಣೆಯಲ್ಲಿ ಶೇ 80ರಷ್ಟು ಕೊಬ್ಬು ಇದ್ದು, ನೀರಿನಂಶ ಶೇ 16ನ್ನು ಮೀರುವಂತಿಲ್ಲ. ಮನೆಯಲ್ಲಿ ಕಡೆದು ತೆಗೆದ ಬೆಣ್ಣೆಗೆ ಇಂಥ ಕಟ್ಟುಪಾಡಿಲ್ಲ. ಎಷ್ಟು ಹಿಂಡಿದರೂ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ಮಲೆನಾಡು ಗಿಡ್ಡ ಹಸುವಿನ ಬೆಣ್ಣೆಯನ್ನು ಹೆಮ್ಮೆಯಿಂದ ಬಳಸುವವರು (ಅಷ್ಟು ಬೆಣ್ಣೆ ಕೂಡುವುದಕ್ಕೆ ಎಷ್ಟು ದಿನದ ಕೆನೆ ಬೇಕೆಂಬುದು ಅವರಿಗೇ ಗೊತ್ತು) ಅದನ್ನು ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಹಿಂಡಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಕೊಂಡೇ ಬಳಸಬೇಕು. ತುಪ್ಪ ಬಳಸುವುದಾದರೆ ಅದರಲ್ಲಿ ನೀರೇ ಇಲ್ಲದ ಕಾರಣ 80 ಗ್ರಾಂ ಸಾಕಾಗುತ್ತದೆ, ಆದರೆ ತೊಟ್ಟಿಲು (ಹೂರಣ ಹಿಡಿಯುವ ಕಣಕದ ಬಟ್ಟಲು) ಪುಡಿಪುಡಿಯಾಗಿ, ಕತ್ತರಿಸುವಾಗ ಉದುರುವ ಸಂಭವ ಹೆಚ್ಚು.

ಬೆಣ್ಣೆಯನ್ನು ಬೆರಳ ತುದಿಯಲ್ಲಿ ಮೈದಾದೊಂದಿಗೆ ರವೆಯಂತಾಗುವವರೆಗೆ ಉಜ್ಜಿ, ಬಳಿಕ ತಣ್ಣೀರನ್ನು ಒಂದೊಂದೇ ಚಮಚ ಸೇರಿಸಬೇಕು. ಮೂರು ನಾಲ್ಕು ದೊಡ್ಡ ಚಮಚಕ್ಕೆ ಅದು ಕೂಡಿಕೊಳ್ಳುತ್ತದೆ. ಆಗುಂಬೆಯಂತಹ ಊರಿನಲ್ಲಿ, ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುವಲ್ಲಿ, ಡಬ್ಬಿಯೊಳಗಿನ ಮೈದಾವೂ ಗಾಳಿಯ ತೇವವನ್ನು ಕುಡಿದಿರುವುದರಿಂದ ಮಳೆಗಾಲದಲ್ಲಿ ಒಂದು ಚಮಚ ಕಡಿಮೆಯೇ ಬೇಕಾದೀತು. ಹೋಳಿಗೆಯ ಕಣಕವನ್ನು ನಾದಿ ನಾದಿ ಎಳೆದರೆ ಹಿಗ್ಗುವಂತೆ ಮಾಡುತ್ತೇವಲ್ಲ, ಇಲ್ಲಿ ಬೇಕಾದದ್ದು ಅದರ ತದ್ವಿರುದ್ಧ. ನೀರು ಹೆಚ್ಚಾದಷ್ಟೂ, ನಾದಿದಷ್ಟೂ ಮೈದಾದ ಗ್ಲುಟೆನ್ (ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಪ್ರೋಟೀನು) ಬಲಿತು, ಬೇಯುವಾಗ ಅಂಚು ಕುಗ್ಗಿ ಕೆಳಗೆ ಜಾರುತ್ತದೆ. ಆದ್ದರಿಂದ ಉಂಡೆ ಕಟ್ಟಿದ ಕೂಡಲೇ ಕೈ ತೆಗೆದು, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಲಟ್ಟಿಸಬೇಕು.

ಲಟ್ಟಿಸಿದ್ದನ್ನು ಟಿನ್ನಿಗೆ ಹಾಸಿ, ನೇರವಾಗಿ ಹೂರಣ ಸುರಿಯಲು ಹೇಳಿದ್ದು ಆ ಬರಹದ ಅತಿ ದೊಡ್ಡ ಲೋಪ. ಖಾಲಿ ತೊಟ್ಟಿಲನ್ನು ಮೊದಲು ಬೇಯಿಸಿಕೊಳ್ಳದೆ ಗತ್ಯಂತರವಿಲ್ಲ. ತಳಕ್ಕೆ ಫೋರ್ಕಿನಿಂದ ಚುಚ್ಚಿ, ಬಟರ್ ಪೇಪರ್ ಹಾಸಿ, ಮೇಲೆ ಅಕ್ಕಿಯನ್ನೋ ಒಣ ಕಡಲೆಯನ್ನೋ ತುಂಬಿ 190 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 15 ನಿಮಿಷ ಬೇಯಿಸಬೇಕು. ಅನಂತರ ಕಾಗದವನ್ನೂ ಅಕ್ಕಿಯನ್ನೂ ತೆಗೆದು, ತಳ ಒಣಗಿ ತಿಳಿಬಣ್ಣಕ್ಕೆ ತಿರುಗುವವರೆಗೆ ಇನ್ನೂ ಎಂಟು ಹತ್ತು ನಿಮಿಷ ಬಿಡಬೇಕು. ಬಿಸಿ ಇರುವಾಗಲೇ ಒಳಮೈಗೆ ಸ್ವಲ್ಪ ಮೊಟ್ಟೆಯ ಬಿಳಿ ಸವರಿ ಒಂದು ನಿಮಿಷ ಒಳಗಿಟ್ಟರೆ ಹಾಲು ಇಳಿಯದಂತೆ ತೆಳುವಾದ ಪದರವೊಂದು ಕಟ್ಟಿಕೊಳ್ಳುತ್ತದೆ. ಆ ಅಕ್ಕಿ ಅನ್ನಕ್ಕೆ ಬಾರದು, ಮುಂದಿನ ಸಲಕ್ಕೆ ಎತ್ತಿಡಬಹುದು.

ಕೋಳಿಯ ಬಗ್ಗೆ ಇನ್ನೂ ಕಟುವಾಗಿಯೇ ಹೇಳಬೇಕಾಗಿದೆ. ಹಸಿ ಮಾಂಸದ ತುಂಡುಗಳನ್ನು ಹಾಲು-ಮೊಟ್ಟೆಯ ಮಿಶ್ರಣದಲ್ಲಿ ಹಾಕಿ ಬೇಯಲು ಬಿಡುವುದು ರುಚಿಗೂ ಆರೋಗ್ಯಕ್ಕೂ ಸಲ್ಲದ ಕ್ರಮ. ಹಸಿ ಕೋಳಿಮಾಂಸದ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಬೇಯುವಾಗ ಅದರಲ್ಲಿ ಗಣನೀಯ ಭಾಗ ಹೊರಬರುತ್ತದೆ. ಜೊತೆಗೆ ಸಾಲ್ಮೊನೆಲ್ಲಾದಂತಹ ರೋಗಾಣುಗಳು ಸಾಯಬೇಕಾದರೆ ಮಾಂಸದ ಒಳಗಿನ ಕಾವು 74 ಡಿಗ್ರಿ ಮುಟ್ಟಲೇಬೇಕು. ಆದ್ದರಿಂದ ಎಲುಬಿಲ್ಲದ 300 ಗ್ರಾಂ ಕೋಳಿಯನ್ನು ಉಪ್ಪು, ಶುಂಠಿ, ಜಜ್ಜಿದ ಕಾಳುಮೆಣಸಿನೊಂದಿಗೆ ಮೊದಲೇ ಪೂರ್ತಿ ಬೇಯಿಸಿ, ರಸವನ್ನು ಬಸಿದು ಸಾರಿಗೆ ಇಟ್ಟುಕೊಂಡು, ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಬಾಣಲೆಯಲ್ಲಿ ಈರುಳ್ಳಿಯೊಂದಿಗೆ ನೀರು ಆರುವವರೆಗೆ ಬಾಡಿಸಿ, ತಣಿಸಿ ಬಳಸುವುದು ಸರಿಯಾದ ದಾರಿ. ಅಣಬೆ ಸೇರಿಸುವವರು ಅದನ್ನು ಬೇರೆಯಾಗಿಯೇ ಹುರಿಯಲಿ, ಏಕೆಂದರೆ ಅದರಲ್ಲಿ ಶೇ 90ಕ್ಕೂ ಮಿಕ್ಕಿ ನೀರಿರುತ್ತದೆ. ಕಾಡಿನಲ್ಲಿ ಆರಿಸಿ ತಂದ ಅಣಬೆಯನ್ನು ಗುರುತು ಬಲ್ಲವರು ಮನೆಯಲ್ಲಿಲ್ಲದಿದ್ದರೆ ಬಳಸಲೇಬಾರದು. ಇನ್ನು, ನಾಟಿ ಕೋಳಿಯೇ ಆಗಬೇಕೆಂದು ಆ ಲೇಖನದಲ್ಲಿ ಒತ್ತಿ ಹೇಳಿದ್ದನ್ನು ನಾನು ಒಪ್ಪಲಾರೆ. ಅದರ ಗಟ್ಟಿ ಮಾಂಸಕ್ಕೂ ಅದರ ರುಚಿಗೂ ತಕ್ಕ ಜಾಗ ಕಡುಬಿನ ಪಕ್ಕದ ಸಾರು. ಈ ತಿನಿಸಿಗೆ ಫಾರಂ ಕೋಳಿಯ ಮೆತ್ತನೆಯ ಎದೆಮಾಂಸವೇ ಹೊಂದುತ್ತದೆ.

ಮೂರು ಮೊಟ್ಟೆಗೆ ಹಾಲು, ಕ್ರೀಮು ಸೇರಿ 350 ಮಿಲಿಲೀಟರ್ ಒಳ್ಳೆಯ ಅಳತೆ. ಶೇ 3 ಕೊಬ್ಬಿನ ಟೋನ್ಡ್ ಹಾಲೊಂದನ್ನೇ ಹಾಕಿದರೆ ಹೂರಣ ಸಪ್ಪೆಯಾಗುತ್ತದೆ; ಶೇ 6 ಕೊಬ್ಬಿನ ಗಟ್ಟಿ ಹಾಲು ಅರ್ಧ, ಅಂಗಡಿಯಲ್ಲಿ ಸಿಗುವ ಕ್ರೀಮು ಅರ್ಧ ಇದ್ದರೆ ನುಣುಪು ಬರುತ್ತದೆ. ತುರಿದ ಚೀಸ್ 75 ಗ್ರಾಂ ಸಾಕು, ಅದರಲ್ಲೇ ಉಪ್ಪಿರುವುದನ್ನು ಮರೆಯಬಾರದು. ಕೋಳಿಯನ್ನು ಹರಡಿದ ತೊಟ್ಟಿಲಿಗೆ ಇದನ್ನು ಸುರಿದು 170 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ, ಅಂಚು ಗಟ್ಟಿಯಾಗಿ ನಡುಭಾಗ ಮಾತ್ರ ಅಲುಗಿಸಿದರೆ ತುಸು ನಡುಗುತ್ತಿರುವಾಗಲೇ ಹೊರತೆಗೆಯಬೇಕು. ಹಾಲು ಬೆರೆತ ಮೊಟ್ಟೆ 80 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಅದನ್ನು ಬಹಳ ಮೀರಿದರೆ ಪ್ರೋಟೀನು ಬಿಗಿದುಕೊಂಡು ತಾನು ಹಿಡಿದಿಟ್ಟ ನೀರನ್ನೇ ಹೊರಹಾಕುತ್ತದೆ. ಮೇಲೆ ಹೊಂಬಣ್ಣ ಬಂದಿತೇ ಎಂದು ಮಾತ್ರ ನೋಡುತ್ತಾ ಕಾಯುವವರು ಈ ಹಂತವನ್ನು ದಾಟಿಬಿಟ್ಟಿರುತ್ತಾರೆ. ಹೊರತೆಗೆದ ಮೇಲೆ ಕಾಲು ಗಂಟೆ ಬಿಟ್ಟು ಕತ್ತರಿಸಬೇಕು.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ನಮ್ಮಲ್ಲಿ ಮಾಮೂಲು. ಅರ್ಧ ಬೆಂದ ಕೀಶ್ ಓವನ್ನಿನಲ್ಲಿರುವಾಗ ಹಾಗಾದರೆ ಬಾಗಿಲು ತೆರೆಯದೆ ಸ್ವಲ್ಪ ಕಾಯಬಹುದು, ಆದರೆ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಎರಡು ಗಂಟೆ ಕಳೆದಿದ್ದರೆ ಅದನ್ನು ಮತ್ತೆ ಬೇಯಿಸಿ ಬಡಿಸುವುದು ಅಪಾಯ. ಬೆಂದ ಕೀಶನ್ನು ಹೊರಗಿಡಲೂ ಅದೇ ಎರಡು ಗಂಟೆಯ ಮಿತಿ ಅನ್ವಯಿಸುತ್ತದೆ.

ಪಾಕವಿಧಾನಗಳನ್ನು ಪ್ರಕಟಿಸುವಾಗ ತೂಕವನ್ನು ಗ್ರಾಂಗಳಲ್ಲಿ, ಕಾವನ್ನು ಡಿಗ್ರಿಗಳಲ್ಲಿ ಕೊಡಬೇಕು, ಬೆಂದದ್ದನ್ನು ಹೇಗೆ ಗುರುತಿಸಬೇಕೆಂದು ಒಂದು ಸಾಲಾದರೂ ಸೇರಿಸಬೇಕು ಮತ್ತು ಮಾಂಸ, ಮೊಟ್ಟೆ ಇರುವಲ್ಲಿ ಸುರಕ್ಷತೆಯ ಮಾತನ್ನು ಬಿಡಬಾರದು ಎಂಬುದು ನನ್ನ ವಿನಂತಿ. ಪುಟದಲ್ಲಿ ಜಾಗ ಸಾಲದಿದ್ದರೆ ಬಣ್ಣದ ಚಿತ್ರವನ್ನು ಕಾಲು ಭಾಗ ಕುಗ್ಗಿಸಿದರೂ ಸಾಕು. ಓವನ್ ಇಲ್ಲದ ಮನೆಗಳೇ ಹಳ್ಳಿಗಳಲ್ಲಿ ಹೆಚ್ಚಾಗಿರುವುದರಿಂದ, ದಪ್ಪ ತಳದ ಪಾತ್ರೆಯಲ್ಲಿ ಮರಳು ಇಲ್ಲವೇ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಬೇಯಿಸುವ ಕ್ರಮವನ್ನೂ ಪರಿಶೀಲಿಸಿ ಬರೆಯುವುದು ಒಳ್ಳೆಯದು. ಅದರಲ್ಲಿ ತಳ ಚೆನ್ನಾಗಿಯೇ ಗರಿಯಾಗುತ್ತದೆ, ಆದರೆ ಮುಚ್ಚಳದಲ್ಲಿ ಕಟ್ಟಿದ ಹಬೆ ಹನಿಯಾಗಿ ಹೂರಣದ ಮೇಲೇ ಬೀಳುತ್ತದೆ. ಮುಚ್ಚಳಕ್ಕೆ ಬಟ್ಟೆ ಸುತ್ತಿ, ಅದರ ತುದಿಗಳನ್ನು ಉರಿಗೆ ತಾಗದಂತೆ ಮೇಲೆ ಕಟ್ಟುವುದು ಒಂದು ಉಪಾಯ. ಇದಕ್ಕಿಂತ ಉತ್ತಮವಾದುದನ್ನು ಕಂಡುಕೊಂಡ ಓದುಗರಿದ್ದರೆ ಇದೇ ಅಂಕಣಕ್ಕೆ ಬರೆಯಲಿ.

ಇತಿ,
ತಮ್ಮ ಓದುಗರಲ್ಲೊಬ್ಬಳು,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ