ಆರಾರು ಮೆಟ್ಟಿಲಿನ ಮನೆಯಿಂದ

ಪ್ರೀತಿಯ ಶಿವು,

ನಮ್ಮ ಮನೆ ರಿಪೇರಿ ಕೆಲಸ ಎಲ್ಲಿಗೆ ಬಂತು ಅಂತ ನೀನು ಗ್ರೂಪಿನಲ್ಲಿ ಕೇಳಿದ್ದೆ. ಅಲ್ಲಿ ಎರಡು ಸಾಲಿನಲ್ಲಿ ಮುಗಿಯುವ ವಿಷಯ ಇದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರೂ ಓದಲಿ. ಇಂಥ ಹಳೇ ಮನೆ ಕೊಂಡವರು ಇಲ್ಲಿ ನಮ್ಮವರಲ್ಲೂ ಇದ್ದಾರೆ.

ನಮ್ಮದು 1962ರಲ್ಲಿ ಕಟ್ಟಿದ ಸ್ಪ್ಲಿಟ್ ಲೆವೆಲ್ ಮನೆ. ನ್ಯೂಜೆರ್ಸಿಯ ಆ ಕಾಲದ ಬಡಾವಣೆಗಳಲ್ಲಿ ಎಲ್ಲಿ ನೋಡಿದರೂ ಇವೇ. ಸೈಟು ಚಿಕ್ಕದು, ನೆಲ ಇಳಿಜಾರು, ಕಾರಿಗೂ ಮನೆಯೊಳಗೇ ಜಾಗ ಬೇಕು. ಹಾಗಾಗಿ ಅರ್ಧರ್ಧ ಮಹಡಿ ಮಾಡಿ ಕಟ್ಟಿದರು. ಮುಂಬಾಗಿಲು ತೆಗೆದರೆ ನಡುಮನೆ, ಊಟದ ಜಾಗ, ಅಡುಗೆಮನೆ. ಆರು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆಗಳು. ಆರು ಇಳಿದರೆ ಗ್ಯಾರೇಜು, ಅದರ ಪಕ್ಕ ಒಂದು ದೊಡ್ಡ ರೂಮು. ಮೆಟ್ಟಿಲು ಅಂದ ತಕ್ಷಣ ನಿನಗೆ ಹಾಸ್ಟೆಲ್ಲಿನ ಸಾಂಬಾರ್ ಬಕೆಟ್ ನೆನಪಾಗಿರುತ್ತೆ. ನೆನಪಾಗಲಿ, ಇಲ್ಲಿ ಮಾತ್ರ ಹೇಳಬೇಡ!

ಅಡುಗೆಮನೆಗೂ ನಡುಮನೆಗೂ ಮಧ್ಯೆ ಇದ್ದ ಗೋಡೆ ತೆಗೆಸಿದೆವು. ಭಾರ ಹೊರುವ ಗೋಡೆ, ಸುಮ್ನೆ ಒಡೆಯುವ ಹಾಗಿಲ್ಲ. ಎಂಜಿನಿಯರ್ ಲೆಕ್ಕ ಹಾಕಿಕೊಟ್ಟರು, ಪರ್ಮಿಟ್ ಸಿಕ್ಕಿತು, ತೊಲೆ ಕೂತಿತು. ಈಗ ಒಲೆ ಮುಂದೆ ನಿಂತರೆ ಬೀದಿ ಕಾಣುತ್ತೆ.

ನನ್ನ ಜೀವ ಇರುವುದು ಕೆಳಗಿನ ರೂಮಿನಲ್ಲಿ. ಗ್ಯಾರೇಜಿನಿಂದ ಒಂದೂ ಮೆಟ್ಟಿಲಿಲ್ಲದೆ ಒಳಗೆ ಬರಬಹುದಾದ ಕೋಣೆ ಈ ಮನೆಯಲ್ಲಿ ಅದೊಂದೇ. ಅಮ್ಮನ ಮಂಡಿ ನೀನು ಬಲ್ಲೆ. ಅಲ್ಲಿ ಬರೀ ಟಾಯ್ಲೆಟ್ ಇತ್ತು, ಅದನ್ನು ಸ್ನಾನದ ಮನೆ ಮಾಡಿಸುತ್ತಿದ್ದೇವೆ. ಕಾರ್ಪೆಟ್ ಎತ್ತಿದಾಗ ಅಡಿಯಲ್ಲಿ ಒಂಬತ್ತು ಇಂಚಿನ ಹಳೇ ಟೈಲ್ಸ್. ಆ ಕಾಲದ ಆ ಅಳತೆಯ ಟೈಲ್ಸ್‌ನಲ್ಲಿ ಆಸ್ಬೆಸ್ಟಾಸ್ ಇರುವುದು ಜಾಸ್ತಿ, ಅದರ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಪರೀಕ್ಷೆ ಮಾಡಿಸಿದರೆ ಇದ್ದೇ ಇತ್ತು. ಕೆದಕದೆ ಮೇಲೊಂದು ನೆಲ ಹಾಸಿಬಿಟ್ಟರೆ ಅಪಾಯವಿಲ್ಲ. ಆದರೆ ನೀರು ಹೋಗುವ ಪೈಪಿಗೆ ಕಾಂಕ್ರೀಟ್ ಕೊರೆಯಲೇಬೇಕಿತ್ತು. ಅದಕ್ಕೆಂದೇ ಲೈಸೆನ್ಸ್ ಇರುವವರು ಬಂದು, ರೂಮಿಗೆಲ್ಲ ಪ್ಲಾಸ್ಟಿಕ್ ಕಟ್ಟಿ, ತೆಗೆದುಕೊಂಡು ಹೋದರು. ಹೊರಗಿನ ಚರಂಡಿ ಪೈಪು ಇನ್ನೂ ಕೆಳಗಿದ್ದದ್ದು ನಮ್ಮ ಪುಣ್ಯ. ಇಲ್ಲದಿದ್ದರೆ ಗುಂಡಿ ತೋಡಿ ಪಂಪ್ ಇಡಬೇಕಿತ್ತು.

ಮೊನ್ನೆ ಸ್ನಾನದ ಮನೆಯ ಗೋಡೆ ಮುಚ್ಚುವ ಮೊದಲು ಬಡಗಿ ಕರೆದ. ಇಲ್ಲಿನ ಗೋಡೆ ಒಳಗೆ ಟೊಳ್ಳು, ಹಿಡಿದುಕೊಳ್ಳುವ ಸರಳಿಗೆ ಗೋಡೆಯೊಳಗೆ ಮರದ ಹಲಗೆ ಕೊಡಬೇಕು, ಟೈಲ್ಸ್ ಕೂತ ಮೇಲೆ ಆಗಲ್ಲ. ‘ಎಷ್ಟು ಎತ್ತರಕ್ಕೆ?’ ಅಂದ. ನಾನು ಹೋಗಿ ನಿಂತು, ಕೈ ಚಾಚಿ, ‘ಇಲ್ಲಿ’ ಅಂದೆ. ಅವನು ಪೆನ್ಸಿಲ್‌ನಲ್ಲಿ ಗೆರೆ ಎಳೆದ. ಆ ಗೆರೆ ನನ್ನ ಎತ್ತರದ್ದು ಕಣೋ. ಅಮ್ಮ ನನ್ನ ಭುಜಕ್ಕೂ ಬರುವುದಿಲ್ಲ.

ಅವನು ಹೋದ ಮೇಲೂ ಅಲ್ಲೇ ನಿಂತಿದ್ದೆ. ಅಮ್ಮ ವಿಸಿಟರ್ ವೀಸಾದಲ್ಲಿ ಬಂದರೆ ಸಾಮಾನ್ಯವಾಗಿ ಒಮ್ಮೆಗೆ 6 ತಿಂಗಳು. ಚಳಿಗಾಲಕ್ಕೆ ಅವಳು ನಿಲ್ಲುವವಳೂ ಅಲ್ಲ. ಅಡುಗೆಮನೆ ಆರು ಮೆಟ್ಟಿಲು ಮೇಲೆ. ಒಗ್ಗರಣೆ ಸದ್ದು ಕೇಳಿದ ಮೇಲೆ ಅವಳು ಕೆಳಗೆ ಕೂತಿರುತ್ತಾಳಾ? ಇಷ್ಟೆಲ್ಲ ಗೊತ್ತಿದ್ದೂ ಯಾರಿಗೆ ಈ ಸರಳು, ಹೊಸ್ತಿಲಿಲ್ಲದ ಈ ಬಾಗಿಲು, ವೀಲ್‌ಚೇರ್ ಹಿಡಿಸುವಷ್ಟು ಅಗಲ? ನಾನು ಇಲ್ಲೇ ಮುದುಕನಾಗುವ ತಯಾರಿ ಮಾಡುತ್ತಿದ್ದೇನೆ ಶಿವು. ಯಾವಾಗ ಹಾಗೆ ನಿರ್ಧಾರವಾಯಿತೋ ಗೊತ್ತಿಲ್ಲ. ಯಾರ ಜೊತೆಗೂ ಕೂತು ಮಾತಾಡಿಲ್ಲ. ಮೈಸೂರಿನ ಇಲವಾಲದ ಹತ್ತಿರ ನಾವಿಬ್ಬರೂ ಅಕ್ಕಪಕ್ಕ ಸೈಟು ತಗೊಂಡಾಗ ಮಧ್ಯೆ ಕಾಂಪೌಂಡ್ ಬೇಡ ಅಂತ ಹಟ ಹಿಡಿದವನು ನಾನೇ. ನಿನ್ನ ಮನೆಗೆ ಪಾಯ ತೆಗೆದಿದ್ದೀಯ ಅಂತ ಫೋಟೋ ಕಳಿಸಿದೆಯಲ್ಲ, ಅದರ ಅಂಚಿನಲ್ಲಿ ನನ್ನ ಸೈಟೂ ಇತ್ತು, ಪಾರ್ಥೇನಿಯಂ ಬೆಳೆದು. ಉತ್ತರ ಬರೆಯೋಕೆ ಆಗಲಿಲ್ಲ. ತುಂಬಾ ನೋವಾಯಿತು.

ಇಷ್ಟು ಬರೆಯುವ ಯೋಚನೆ ಇರಲಿಲ್ಲ. ಇರಲಿ ಬಿಡು. ಬಡಗಿಗೆ ಹೇಳಿ ಅಗಲವಾದ ಹಲಗೆ ಹಾಕಿಸಿದ್ದೇನೆ. ಸರಳನ್ನು ಕೆಳಗೂ ಹಾಕಬಹುದು, ಮೇಲೂ ಹಾಕಬಹುದು. ಮೊದಲು ಅಮ್ಮನ ಅಳತೆಗೇ. ನನ್ನ ಸೈಟಿನಲ್ಲಿ ಸದ್ಯ ನಿನ್ನ ಜಲ್ಲಿ, ಮರಳು ಸುರಿಸು, ಬಾಡಿಗೆ ಕೇಳಲ್ಲ. ಗೃಹಪ್ರವೇಶಕ್ಕೆ ಒಬ್ಬಟ್ಟು ಮಾಡಿಸು, ಆ ಇನ್ನೊಂದನ್ನು ಮಾತ್ರ ಮಾಡಿಸಬೇಡ, ಯಾವುದು ಅಂತ ನಿನಗೆ ಗೊತ್ತು.

ಭಾನುವಾರ ಅಮ್ಮನ ಕಡೆ ಹೋದರೆ ಒಂದು ಕೆಲಸ ಮಾಡು. ಟೇಪ್ ತಗೊಂಡು ಹೋಗಿ ಅವಳ ಮಂಚ ನೆಲದಿಂದ ಎಷ್ಟು ಎತ್ತರ ಇದೆ ನೋಡಿ ಹೇಳು. ಯಾಕೆ ಅಂತ ಕೇಳಿದರೆ ನಿನ್ನ ಮನೆಗೆ ಅಂದುಬಿಡು.

ನಿನ್ನ,
ಮೋಹನ