ಚಮಚ ತಾಗಿದ ಸದ್ದಿಗೆ ನೀನು ನೆನಪಾದೆ

ಪ್ರೀತಿಯ ಗೆಳೆಯಾ,

ಮೊನ್ನೆ ಸಂಜೆ ಹೋಟೆಲಿನಲ್ಲಿ ಕಾಫಿಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಟೇಬಲ್ಲಿನ ಹುಡುಗ ಸುಮ್ನೆ ಚಮಚದಿಂದ ಗಾಜಿನ ಲೋಟಕ್ಕೆ ಟಿಣ್ ಅಂತ ತಟ್ಟಿದ. ಒಂದೇ ಸಲ. ನಾನು ಗಿಟಾರ್ ಬರಲಿ ಅಂತ ಕಾದೆ! ಗಿಟಾರೂ ಬರಲಿಲ್ಲ, ಆಶಾ ಭೋಸ್ಲೆಯೂ ಹಾಡಲಿಲ್ಲ. ಮಾಣಿ ಕಾಫಿ ತಂದಿಟ್ಟ.

ಆಗ ನಮ್ಮ ಬಸ್ಸಿನ ಪಂದ್ಯ ನೆನಪಾಯಿತು. ಕಾಲೇಜಿಗೆ ಹೋಗುವಾಗ ಡ್ರೈವರ್ ಕ್ಯಾಸೆಟ್ ಹಾಕುತ್ತಿದ್ದ, ಹಾಡುವ ದನಿ ಬರುವುದರೊಳಗೆ ಯಾವ ಹಾಡು ಅಂತ ನಾವು ಹೇಳಬೇಕು. ಸೋತವನು ಉದ್ದಿನ ವಡೆ ಕೊಡಿಸಬೇಕು. ಜಾಸ್ತಿ ವಡೆ ತಿಂದವನು ನೀನೇ. ಯಾಕೆ ಅಂತ ಇಷ್ಟು ವರ್ಷದ ಮೇಲೆ ಹೊಳೆಯಿತು. ನಾನು ಟ್ಯೂನ್ ಶುರುವಾಗಲಿ ಅಂತ ಕಾಯುತ್ತಿದ್ದೆ. ನಿನಗೆ ಟ್ಯೂನೇ ಬೇಕಿರಲಿಲ್ಲ, ಸದ್ದು ಸಾಕಾಗಿತ್ತು.

'ಚುರಾ ಲಿಯಾ ಹೈ ತುಮ್ನೆ' ತಗೋ. 1973ರ ಹಾಡು, ಆರ್.ಡಿ. ಬರ್ಮನ್ ಅವರದು. ಮೊದಲು ಗಾಜಿಗೆ ಚಮಚ ತಾಗಿದ ಸದ್ದು, ಆಮೇಲೆ ಗಿಟಾರ್. ಆ ಗಿಟಾರ್ ನುಡಿಸಿದವರು ಗಜಲ್ ಹಾಡುತ್ತಿದ್ದ ಭೂಪಿಂದರ್ ಸಿಂಗ್. ಅಷ್ಟೆಲ್ಲ ವಾದ್ಯಗಳಿರುವ ಸ್ಟುಡಿಯೋದಲ್ಲಿ ಬರ್ಮನ್ ಅವರ ಕೈ ಹೋಗಿದ್ದು ಲೋಟಕ್ಕೆ ನೋಡು. ಪಿಟೀಲು ಕೇಳಿದರೆ 'ಓ, ಹಾಡು ಬಂತು' ಅಂತ ಕಿವಿ ಹಾಯಾಗಿ ಕೂರುತ್ತದೆ. ಲೋಟದ ಸದ್ದಿಗೆ ಹಾಗಲ್ಲ. 'ಏನದು? ಯಾರಲ್ಲಿ?' ಅಂತ ತಿರುಗಿ ನೋಡುತ್ತದೆ. ಹಾಗೆ ತಿರುಗುವಷ್ಟರಲ್ಲಿ ಗಿಟಾರ್ ಬಂದು ಕೈ ಹಿಡಿದಿರುತ್ತದೆ. 1975ರ 'ಶೋಲೆ'ಯ 'ಮೆಹಬೂಬಾ'ದಲ್ಲೂ ಇದೇ ಕಿತಾಪತಿ. ಅಲ್ಲಿ ಬಾಟಲಿಯ ಬಾಯಿಗೆ ಊದಿದ್ದಾರೆ.

ಇನ್ನೊಂದು ಗೊತ್ತಾ? 'ಮನ್ ಡೋಲೇ'ಯ ಪುಂಗಿ ಪುಂಗಿಯೇ ಅಲ್ಲ! 1954ರ 'ನಾಗಿನ್' ಸಿನಿಮಾಕ್ಕೆ ಹೇಮಂತ್ ಕುಮಾರ್ ಸಂಗೀತ. ಅವರ ಜೊತೆಗಿದ್ದ ಕಲ್ಯಾಣ್‌ಜಿ ಕ್ಲಾವಯೊಲಿನ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಅದನ್ನು ನುಡಿಸಿದರು, ರವಿ ಹಾರ್ಮೋನಿಯಂ ಸೇರಿಸಿದರು. ನಮ್ಮೂರ ಮದುವೆ ದಿಬ್ಬಣದಲ್ಲಿ ಬ್ಯಾಂಡ್‌ಸೆಟ್‌ನವರು ಅದರ ಎರಡು ಸ್ವರ ಊದಿದರೆ ಸಾಕು, ಯಾರೋ ಒಬ್ಬ ಮಾವ ಕರ್ಚೀಫ್ ಹಲ್ಲಿಗೆ ಕಚ್ಚಿ ನೆಲಕ್ಕೆ ಬೀಳುತ್ತಿದ್ದರು. ನಿಜವಾದ ಪುಂಗಿ ಊದಿದ್ದರೆ ಬೀಳುತ್ತಿದ್ದರೋ ಇಲ್ಲವೋ, ನನಗೆ ಅನುಮಾನ.

ನಮ್ಮ ದೊಡ್ಡ ಜಗಳ ಮಾತ್ರ 'ಹುಟ್ಟಿದರೆ ಕನ್ನಡ ನಾಡಲ್ಲಿ' ಬಂದಾಗ. 1993ರ 'ಆಕಸ್ಮಿಕ', ಹಂಸಲೇಖ. ಪದ ಶುರುವಾಗುವ ಮೊದಲೇ ರಾಜ್‌ಕುಮಾರ್ 'ಬಾಜೂ' ಅಂತ ಕೂಗುತ್ತಾರಲ್ಲ, ಜಟಕಾ ಗಾಡಿಯವರ ಹಾಗೆ. ಅದು ಹಾಡೋ, ಮಾತೋ? ದನಿ ಬಂದಾಯಿತು, ಪಂದ್ಯ ರದ್ದು ಅಂದೆ ನಾನು. ದಾರಿ ಬಿಡಿ ಅನ್ನುವುದು ಹಾಡು ಹೇಗಾಗುತ್ತೆ ಅಂದೆ ನೀನು. ಕಂಡಕ್ಟರ್ ಪಂಚಾಯ್ತಿ ಮಾಡಿ ಅರ್ಧರ್ಧ ವಡೆ ಅಂದಿದ್ದು ನೆನಪಿದೆಯಾ? ಈಗ ಒಪ್ಪಿಕೊಳ್ಳುತ್ತೇನೆ, ನೀನೇ ಸರಿ. ಆ ಕೂಗಿಗೆ ಬಸ್ಸಿನಲ್ಲಿ ನಿಂತವರೂ ಒಂಚೂರು ಸರಿಯುತ್ತಿದ್ದರು.

ಈಗಿನ ಹಾಡುಗಳಿಗೆ ಪುರುಸೊತ್ತು ಕಮ್ಮಿ. ಅಮೆರಿಕದಲ್ಲಿ 1986ರಿಂದ 2015ರವರೆಗಿನ ಹಿಟ್ ಹಾಡುಗಳನ್ನು ಒಬ್ಬ ಸಂಶೋಧಕ ಅಳೆದು ನೋಡಿದ. ದನಿ ಬರುವ ಮುಂಚಿನ ಮ್ಯೂಸಿಕ್ ಮೊದಲು 20 ಸೆಕೆಂಡಿಗೂ ಜಾಸ್ತಿ ಇತ್ತಂತೆ, ಕೊನೆಗೆ ಸುಮಾರು 5ಕ್ಕೆ ಇಳಿದಿತ್ತಂತೆ. ಬೇಸರವಾದರೆ ಬೆರಳಾಡಿಸಿ ಮುಂದಿನ ಹಾಡಿಗೆ ಹೋಗಬಹುದಲ್ಲ. ಸ್ಪಾಟಿಫೈನಲ್ಲಂತೂ 30 ಸೆಕೆಂಡ್ ಕೇಳಿದರಷ್ಟೇ ಅದು ಲೆಕ್ಕಕ್ಕೆ. ನನಗೇನೂ ಸಿಟ್ಟಿಲ್ಲ. ಲೋಟದ ಸದ್ದಿಗೆ ಒಂದು ಸೆಕೆಂಡೂ ಬೇಕಾಗಿರಲಿಲ್ಲ ಅಲ್ವಾ? ಆದರೆ ಐದೇ ಸೆಕೆಂಡಿನಲ್ಲಿ ವಡೆ ಗೆಲ್ಲುವುದು ನನ್ನಂಥವನಿಗೆ ಕಷ್ಟ.

ನಿಧಾನಕ್ಕೆ ಹಿಡಿಯುವ ಶುರುವೂ ಒಂದಿದೆ. ಬೆಳಗಿನ ಆಕಾಶವಾಣಿಯ ಶುರುವಿನ ಟ್ಯೂನ್. ತಂಬೂರಿ, ಅದರ ಮೇಲೆ ಪಿಟೀಲು, ಶಿವರಂಜನಿ ರಾಗದ ಛಾಯೆ. ಅದನ್ನು ಕಟ್ಟಿದ್ದು ವಾಲ್ಟರ್ ಕೌಫ್‌ಮನ್. ಪ್ರಾಗ್ ಬಿಟ್ಟು 1934ರಲ್ಲಿ ಮುಂಬೈಗೆ ಬಂದ ಯಹೂದಿ ಸಂಗೀತಗಾರ. ಎಲ್ಲಿಂದಲೋ ಓಡಿಬಂದವನ ಟ್ಯೂನಿಗೆ ನಮ್ಮಮ್ಮ ಹಂಡೆಯ ಒಲೆಗೆ ಬೆಂಕಿ ಹಾಕುತ್ತಿದ್ದಳು. ಈಗಲೂ ಅದು ಕೇಳಿದರೆ ನನಗೆ ಮೊದಲು ಹೊಗೆಯ ವಾಸನೆ ಬರುತ್ತದೆ, ಆಮೇಲೆ ಪಿಟೀಲು ಕೇಳುತ್ತದೆ.

ಅಂದಹಾಗೆ, ಆ ಹುಡುಗ ಎದ್ದು ಹೋದ ಮೇಲೆ ಅತ್ತಿತ್ತ ನೋಡಿ ನಾನೂ ನನ್ನ ಲೋಟಕ್ಕೆ ಚಮಚ ತಟ್ಟಿದೆ. ಸ್ಟೀಲ್ ಲೋಟ, ಕಾಫಿ ಬೇರೆ ತುಂಬಿತ್ತು. ಟಕ್ ಅಂದು ಸುಮ್ಮನಾಯಿತು. ಆ ಟಕ್‌ಗೆ ಯಾವ ಹಾಡು ಅಂತ ನಿನಗೆ ಹೊಳೆದರೆ ಬರಿ. ವಡೆ ನನ್ನ ಲೆಕ್ಕ.

ನಿನ್ನ,
ಸೋತ ಗೆಳೆಯ